ಎನ್‌ಕ್ರಿಪ್ಷನ್ ಟೆಸ್ಟ್ ಓಡಿಸುವಾಗ ಪರ್ಮಿಷನ್ ಎರರ್ ಬಂದ್ರೆ ಎಲ್ಲಿಂದ ಹುಡುಕ್ಬೇಕು

ಲಿನಕ್ಸಲ್ಲಿ ಫೈಲ್‌ಸಿಸ್ಟಮ್ ಎನ್‌ಕ್ರಿಪ್ಷನ್ ಟೆಸ್ಟ್ ಓಡಿಸೋಕೆ ಹೊರಟೋರಿಗೆ ಪರ್ಮಿಷನ್ ಎರರ್ ಬಂದೇ ಬರುತ್ತೆ, ಬಂದ ಕೂಡ್ಲೆ ನಮ್ಮೋರು ಮಾಡೋದು ಎರಡೇ ಕೆಲ್ಸ, ಮುಂದೆ ಒಂದು ಸುಡೋ (ರೂಟ್, ಅಂದ್ರೆ ಎಲ್ಲಾ ಅಧಿಕಾರ ಇರೋ ಯೂಸರ್ ಆಗಿ ಓಡಿಸೋ ಕಮಾಂಡ್) ಸೇರಿಸೋದು, ಅದಕ್ಕೂ ಬಗ್ಗಿಲ್ಲ ಅಂದ್ರೆ ಸಿಎಚ್‌ಮೋಡ್ 777 ಹೊಡೆಯೋದು, ಅಂದ್ರೆ ಎಲ್ಲರಿಗೂ ಎಲ್ಲಾ ಪರ್ಮಿಷನ್ ಕೊಟ್ಬಿಡೋದು. ಬೇರೆ ಕಡೆ ಹೇಗೋ ನಡ್ದು ಹೋಗುತ್ತೆ, ಆದ್ರೆ ಇಲ್ಲಿ ಎರಡೂ ಕೆಲ್ಸ ಕೆಡಿಸ್ತವೆ. ಯಾಕಂದ್ರೆ ಈ ಟೆಸ್ಟ್‌ಗಳಲ್ಲಿ ಕೆಲವು ಇರೋದೇ "ಸಂಬಂಧ ಇಲ್ದೋನಿಗೆ ಕರ್ನಲ್ (ಲಿನಕ್ಸಿನ ತಿರುಳು) ಇಲ್ಲ ಅನ್ನುತ್ತಾ" ಅಂತ ನೋಡೋಕೆ, ನೀವು ರೂಟ್ ಆಗಿ ಓಡಿಸಿದ್ರೆ ಕರ್ನಲ್ ಹೂಂ ಅಂದುಬಿಡುತ್ತೆ, ಎರರ್ ಹೋಯ್ತು ಅಂತ ನೀವು ಖುಷಿಯಾಗ್ತೀರಿ, ನಿಜವಾಗ್ಲೂ ಏನೂ ಟೆಸ್ಟ್ ಆಗಿರಲ್ಲ.

ಪೊನ್ನಂಪೇಟೆ ಕಡೆ ಇಂಜಿನಿಯರಿಂಗ್ ಓದೋ ಹುಡುಗ್ರು ಪ್ರಾಜೆಕ್ಟ್‌ಗೆ ಅಂತ ಇದನ್ನ ಎತ್ಕೊಳ್ತಾರೆ, ಮಡಿಕೇರಿ ವಿರಾಜಪೇಟೆಲಿ ಮನೇಲಿ ಕೂತು ಬೆಂಗಳೂರು ಕಂಪನಿಗೆ ಕೆಲ್ಸ ಮಾಡೋರೂ ಕೇಳ್ತಿರ್ತಾರೆ, ಅದಕ್ಕೆ ಒಂದೇ ಕಡೆ ಬರೆದುಬಿಡೋಣ ಅಂತ. ಇಲ್ಲಿ ಮುಖ್ಯವಾಗಿ ಹೇಳ್ತಿರೋದು ಎಫ್‌ಎಸ್‌ಕ್ರಿಪ್ಟ್ ಬಗ್ಗೆ, ಅಂದ್ರೆ ಕರ್ನಲ್ ಒಳಗೇ ಇರೋ, ಇಎಕ್ಸ್‌ಟಿ4 ಅನ್ನೋ ಫೈಲ್‌ಸಿಸ್ಟಮ್‌ಗೆ 4.1 ಕರ್ನಲ್‌ನಿಂದ ಬಂದಿರೋ ಡೈರೆಕ್ಟರಿ ಲೆವೆಲ್ ಎನ್‌ಕ್ರಿಪ್ಷನ್, ಅದನ್ನ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಅನ್ನೋ ಟೆಸ್ಟ್ ಸೂಟಲ್ಲಿ ಓಡಿಸೋದು. ಹೆಸ್ರಲ್ಲಿ ಎಕ್ಸ್‌ಎಫ್‌ಎಸ್ ಇದ್ರೂ ಇಎಕ್ಸ್‌ಟಿ4, ಎಫ್2ಎಫ್‌ಎಸ್ ಎಲ್ಲಕ್ಕೂ ಅದೇ. ಕಮಾಂಡ್ ಹೆಸ್ರುಗಳ್ನ ಕನ್ನಡದಲ್ಲೇ ಬರೆದಿದ್ದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ನೀವೇ ಹಾಕ್ಕೊಳಿ.

ಸ್ಟೆಪ್ 1: ಮೆಸೇಜನ್ನ ಪೂರ್ತಿ ಓದಿ

ತಮಾಷೆಗೆ ಹೇಳ್ತಿಲ್ಲ, ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತೆ. ಎಲ್ಲರೂ "ಪರ್ಮಿಷನ್ ಎರರ್" ಅಂತ ಕರೆಯೋದು ಒಂದೇ ಎರರ್ ಅಲ್ಲ, ಬೇರೆ ಬೇರೆ ನಾಲ್ಕೈದು ಇವೆ, ಒಂದೊಂದಕ್ಕೂ ಔಷಧಿ ಬೇರೆ.

"ಪರ್ಮಿಷನ್ ಡಿನೈಡ್" ಅಂದ್ರೆ ಇ-ಆಕ್ಸೆಸ್, ನಂಬರ್ 13. "ಆಪರೇಷನ್ ನಾಟ್ ಪರ್ಮಿಟೆಡ್" ಅಂದ್ರೆ ಇ-ಪರ್ಮ್, ನಂಬರ್ 1. "ರಿಕ್ವೈರ್ಡ್ ಕೀ ನಾಟ್ ಅವೈಲಬಲ್" ಅಂದ್ರೆ ಇ-ನೋಕೀ, ನಂಬರ್ 126. ಎಸ್ಟೇಟಲ್ಲಿ ಗೇಟ್ ಹತ್ರ ವಾಚ್‌ಮನ್ ನಿಲ್ಲಿಸೋದು ಮೊದಲ್ನೇದು, ಮಾಲೀಕರೇ ಬಂದು ಕೇಳಿದ್ರೂ "ಇಲ್ಲಿ ಅದು ಆಗಲ್ಲ ಸಾರ್" ಅನ್ನೋದು ಎರಡ್ನೇದು, ಗೇಟು ದಾಟಿ ಗೋಡೌನ್ ಮುಂದೆ ಬಂದು ನಿಂತಾಗ ಬೀಗದ ಕೈ ರೈಟರ್ ಹತ್ರ ಇದೆ, ರೈಟರ್ ಪೇಟೆಗೆ ಹೋಗಿದ್ದಾರೆ ಅನ್ನೋದು ಮೂರ್ನೇದು. ಕೊನೇದಕ್ಕೆ ಸುಡೋ ಏನೂ ಮಾಡಕ್ಕಾಗಲ್ಲ, ರೂಟ್ ಆದ್ರೂ ಕೀ ಇಲ್ದೆ ಫೈಲ್ ಓಪನ್ ಆಗಲ್ಲ. ಹೆಸ್ರುಗಳು ಗಜಿಬಿಜಿ ಅಕ್ಷರದಲ್ಲಿ ಕಾಣ್ತವೆ, ಡಿಲೀಟ್ ಬೇಕಾದ್ರೂ ಮಾಡಬಹುದು, ಓದೋಕೂ ಆಗಲ್ಲ ಹೊಸ ಫೈಲ್ ಮಾಡೋಕೂ ಆಗಲ್ಲ.

ಇದರ ಜೊತೆಗೆ ಪರ್ಮಿಷನ್‌ಗೆ ಸಂಬಂಧನೇ ಇಲ್ದೇ ಇರೋ ಮೂರು ಎರರ್ ಇದೇ ಗುಂಪಲ್ಲಿ ಸೇರ್ಕೊಂಡಿರ್ತವೆ. "ಆಪರೇಷನ್ ನಾಟ್ ಸಪೋರ್ಟೆಡ್" ಬಂದ್ರೆ ಕರ್ನಲ್ ಬಿಲ್ಡ್ ಮಾಡುವಾಗ ಎಫ್‌ಎಸ್ ಎನ್‌ಕ್ರಿಪ್ಷನ್ ಕಾನ್ಫಿಗ್ ಆನ್ ಮಾಡಿಲ್ಲ, ಇಲ್ಲಾಂದ್ರೆ ಆ ಇಎಕ್ಸ್‌ಟಿ4ನಲ್ಲಿ ಎನ್‌ಕ್ರಿಪ್ಟ್ ಫೀಚರ್ ಹಾಕಿಲ್ಲ. "ಇನಪ್ರೋಪ್ರಿಯೇಟ್ ಐಆಕ್ಟಲ್ ಫಾರ್ ಡಿವೈಸ್" ಅಂದ್ರೆ ಆ ಫೈಲ್‌ಸಿಸ್ಟಮ್‌ಗೆ ಎಫ್‌ಎಸ್‌ಕ್ರಿಪ್ಟೇ ಗೊತ್ತಿಲ್ಲ, ಟಿಎಂಪಿಎಫ್‌ಎಸ್ (ಮೆಮೊರೀಲಿರೋ ತಾತ್ಕಾಲಿಕ ಫೈಲ್‌ಸಿಸ್ಟಮ್) ಮೇಲೆ ಓಡಿಸ್ತಿರ್ತೀರಿ ಅಷ್ಟೇ. "ರೀಡ್ ಓನ್ಲಿ ಫೈಲ್‌ಸಿಸ್ಟಮ್" ಬಗ್ಗೆ ಕೊನೇಲಿ ಹೇಳ್ತೀನಿ, ಮಳೆಗಾಲದಲ್ಲಿ ನಮ್ಮೂರಲ್ಲಿ ಅದೇ ಜಾಸ್ತಿ.

ಸ್ಟೆಪ್ 2: ಟೆಸ್ಟ್‌ಗೆ ಬೇರೆ ಜಾಗ ಮಾಡ್ಕೊಳಿ

ಲ್ಯಾಪ್‌ಟಾಪ್‌ನ ಹೋಮ್ ಪಾರ್ಟಿಷನ್ ಮೇಲೆ ದಯವಿಟ್ಟು ಓಡಿಸ್ಬೇಡಿ. ಎಕ್ಸ್‌ಎಫ್‌ಎಸ್‌ಟೆಸ್ಟ್ಸ್‌ನ ಲೋಕಲ್ ಡಾಟ್ ಕಾನ್ಫಿಗ್ ಫೈಲಲ್ಲಿ ಟೆಸ್ಟ್ ಡೆವ್, ಸ್ಕ್ರ್ಯಾಚ್ ಡೆವ್ ಅಂತ ಎರಡು ಡಿವೈಸ್ ಕೊಡ್ಬೇಕು, ಅದರಲ್ಲಿ ಸ್ಕ್ರ್ಯಾಚನ್ನ ಟೆಸ್ಟ್‌ಗಳು ಕೇಳದೇನೇ ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡ್ತವೆ. ಅಲ್ಲಿ ಒಂದು ಅಕ್ಷರ ತಪ್ಪಿ ನಿಜವಾದ ಪಾರ್ಟಿಷನ್ ಹೆಸ್ರು ಹಾಕಿದ್ರೋ, ಹೋದ ವರ್ಷದ ಹುತ್ತರಿ ಫೋಟೋ ಎಲ್ಲಾ ಸ್ವಾಹಾ.

ಹಾಗಾಗಿ ಎರಡು ಖಾಲಿ ಇಮೇಜ್ ಫೈಲ್ ಮಾಡಿ, ಟ್ರಂಕೇಟ್ ಕಮಾಂಡಲ್ಲಿ ಒಂದೊಂದು 5 ಜಿಬಿ ಸಾಕು, ಲೋಸೆಟಪ್‌ನಿಂದ ಲೂಪ್ ಡಿವೈಸ್‌ಗೆ ಕಟ್ಟಿ, ಅಂದ್ರೆ ಫೈಲನ್ನೇ ಡಿಸ್ಕ್ ಥರ ತೋರಿಸೋದು. ಟೆಸ್ಟ್ ಡೆವ್‌ನ ಮೊದಲ ಸಲ ನೀವೇ ಫಾರ್ಮ್ಯಾಟ್ ಮಾಡಿರ್ಬೇಕು, ಸೂಟ್ ಅದನ್ನ ಫಾರ್ಮ್ಯಾಟ್ ಮಾಡಲ್ಲ. ಎಂಕೆಎಫ್‌ಎಸ್‌ಗೆ ಮೈನಸ್ ದೊಡ್ಡ ಓ ಎನ್‌ಕ್ರಿಪ್ಟ್ ಅಂತ ಕೊಡಿ, ಜೊತೆಗೆ ಮೈನಸ್ ಬಿ 4096 ಅಂತಾನೂ ಕೊಡಿ. ಈ ಎರಡ್ನೇದು ಯಾಕೆ ಅಂದ್ರೆ, ಇಮೇಜ್ 512 ಎಂಬಿಗಿಂತ ಚಿಕ್ಕದಿದ್ರೆ ಎಂಕೆಎಫ್‌ಎಸ್ ತಾನಾಗೇ 1 ಕೆಬಿ ಬ್ಲಾಕ್ ಹಾಕೋ ಅಭ್ಯಾಸ ಇದೆ, 5.5ಕ್ಕಿಂತ ಹಳೇ ಕರ್ನಲ್‌ಗಳಲ್ಲಿ ಬ್ಲಾಕ್ ಸೈಜೂ ಪೇಜ್ ಸೈಜೂ ಒಂದೇ ಇಲ್ದಿದ್ರೆ ಇಎಕ್ಸ್‌ಟಿ4 ಎನ್‌ಕ್ರಿಪ್ಷನ್ ನಡೆಯಲ್ಲ. ಮೊದ್ಲೇ ಇರೋ ಇಎಕ್ಸ್‌ಟಿ4ಗೆ ಆದ್ರೆ ಟ್ಯೂನ್2ಎಫ್‌ಎಸ್‌ನಿಂದ ಅದೇ ಫೀಚರ್ ಸೇರಿಸಬಹುದು.

ಸ್ಟೆಪ್ 3: ಮೌಂಟ್ ಆದ್ಮೇಲೆ ಓನರ್ ಯಾರು ಅಂತ ನೋಡಿ

ಹೊಸ ಇಎಕ್ಸ್‌ಟಿ4 ಮೌಂಟ್ ಮಾಡಿದ್ರೆ ಅದರ ಮೇಲಿನ ಡೈರೆಕ್ಟರಿ ಓನರ್ ರೂಟ್ ಆಗಿರುತ್ತೆ. ಹೆಚ್ಚಿನೋರು ಮೌಂಟ್ ಮಾಡೋಕೆ ಮುಂಚೆ ಖಾಲಿ ಫೋಲ್ಡರ್‌ಗೆ ಸಿಎಚ್‌ಓನ್ ಮಾಡ್ತಾರೆ, ಆಮೇಲೆ ಮೌಂಟ್ ಮಾಡ್ತಾರೆ, "ಈಗಷ್ಟೇ ನನ್ನ ಹೆಸ್ರಿಗೆ ಮಾಡಿದ್ನಲ್ಲಾ ಮಾರಾಯ್ರೆ, ಮತ್ತೆ ಯಾಕೆ ಡಿನೈಡ್" ಅಂತ ತಲೆ ಕೆರ್ಕೊಳ್ತಾರೆ. ನೀವು ಬದಲಾಯಿಸಿದ್ದು ಕೆಳಗಡೆ ಇರೋ ಫೋಲ್ಡರ್‌ನ, ಮೌಂಟ್ ಆದ್ಮೇಲೆ ಅದು ಮುಚ್ಚಿ ಹೋಯ್ತು, ಈಗ ಕಾಣ್ತಿರೋದು ಇಮೇಜ್ ಒಳಗಿನ ಡೈರೆಕ್ಟರಿ. ಮೌಂಟ್ ಆದ್ಮೇಲೆ ಸಿಎಚ್‌ಓನ್ ಮಾಡಿ, ಅಥವಾ ಫಾರ್ಮ್ಯಾಟ್ ಮಾಡುವಾಗ್ಲೇ ಮೈನಸ್ ದೊಡ್ಡ ಇ ಜೊತೆ ರೂಟ್ ಓನರ್ ಆಪ್ಷನ್‌ಗೆ ನಿಮ್ಮ ಯೂಸರ್ ನಂಬರ್ ಕೊಟ್ಬಿಡಿ.

ಇಲ್ಲೇ ಇನ್ನೊಂದು ಗುಂಡಿ ಇದೆ. ಮೌಂಟ್ ಆಗಿದ್ದೇ ತಡ ಆ ಮೌಂಟ್ ಪಾಯಿಂಟ್ ಮೇಲೇನೇ ಎನ್‌ಕ್ರಿಪ್ಷನ್ ಪಾಲಿಸಿ (ಈ ಡೈರೆಕ್ಟರಿನ ಯಾವ ಕೀನಿಂದ ಎನ್‌ಕ್ರಿಪ್ಟ್ ಮಾಡ್ಬೇಕು ಅನ್ನೋ ಗುರುತು) ಹಾಕೋಕೆ ಹೋಗ್ತಾರೆ, "ಆಪರೇಷನ್ ನಾಟ್ ಪರ್ಮಿಟೆಡ್" ಇಲ್ಲಾಂದ್ರೆ "ಡೈರೆಕ್ಟರಿ ನಾಟ್ ಎಂಪ್ಟಿ" ಬರುತ್ತೆ, ಸುಡೋ ಹಾಕಿದ್ರೂ ಅದೇ. ಇದು ಬಗ್ ಅಲ್ಲ, ಇಎಕ್ಸ್‌ಟಿ4ನ ರೂಟ್ ಡೈರೆಕ್ಟರಿನ ಎನ್‌ಕ್ರಿಪ್ಟ್ ಮಾಡೋಕೆ ಬಿಡೋದೇ ಇಲ್ಲ. ಒಳಗೆ ಒಂದು ಖಾಲಿ ಸಬ್ ಡೈರೆಕ್ಟರಿ ಮಾಡಿ ಅದರ ಮೇಲೆ ಪಾಲಿಸಿ ಹಾಕಿ. ಖಾಲಿನೇ ಇರ್ಬೇಕು, ಒಂದು ಫೈಲ್ ಇದ್ರೂ "ಡೈರೆಕ್ಟರಿ ನಾಟ್ ಎಂಪ್ಟಿ" ಅನ್ನುತ್ತೆ. ಪಾಲಿಸಿ ಕೂತಿದೆಯಾ ಅಂತ ನೋಡೋಕೆ ಎಲ್‌ಎಸ್‌ಆಟರ್ ಮೈನಸ್ ಡಿ ಹೊಡೀರಿ, ಸಾಲಲ್ಲಿ ದೊಡ್ಡ ಇ ಅಕ್ಷರ ಇದ್ರೆ ಎನ್‌ಕ್ರಿಪ್ಟ್ ಆಗಿದೆ. ಚಿಕ್ಕ ಇ ಬೇರೆ, ಅದು ಎಕ್ಸ್‌ಟೆಂಟ್ಸ್‌ದು, ಎಲ್ಲಾ ಕಡೆ ಇರುತ್ತೆ, ಅದನ್ನ ನೋಡಿ ಮೋಸ ಹೋಗ್ಬೇಡಿ.

ಪಾಲಿಸಿ ಹಾಕುವಾಗ ಇ-ಆಕ್ಸೆಸ್ ಬಂದ್ರೆ, ಹೆಚ್ಚಾಗಿ ಆ ಡೈರೆಕ್ಟರಿ ನಿಮ್ಮದಲ್ಲ. ಗ್ರೂಪ್ ರೈಟ್ ಪರ್ಮಿಷನ್ ಇದ್ರೂ, 777 ಇದ್ರೂ ಸಾಲದು, ಓನರ್ ಆಗಿರ್ಬೇಕು, ಇಲ್ಲಾಂದ್ರೆ ಕ್ಯಾಪ್ ಎಫ್‌ಓನರ್ ಅನ್ನೋ ಕೇಪಬಿಲಿಟಿ ಇರ್ಬೇಕು. 777 ಹೊಡೆಯೋರಿಗೆ ಇಲ್ಲೇ ಉತ್ತರ ಸಿಕ್ತು.

ಸ್ಟೆಪ್ 4: ಸೂಟ್ ಓಡಿಸೋಕೆ ರೂಟ್ ಬೇಕು, ಜೊತೆಗೆ ಬಡಪಾಯಿ ಯೂಸರೂ ಬೇಕು

ಸುಡೋ ಬೇಡ ಅಂತ ಮೇಲೆ ಬೈದೆ, ಆದ್ರೆ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್‌ನ ಚೆಕ್ ಸ್ಕ್ರಿಪ್ಟನ್ನ ರೂಟ್ ಆಗೇ ಓಡಿಸ್ಬೇಕು, ಮೌಂಟು ಅನ್‌ಮೌಂಟು ಎಲ್ಲಾ ಅದೇ ಮಾಡೋದ್ರಿಂದ. ಸಾಮಾನ್ಯ ಯೂಸರ್ ಆಗಿ ಮಾಡ್ಬೇಕಾದ ಭಾಗ ಬಂದಾಗ ಅದು ತಾನೇ ಎಫ್‌ಎಸ್‌ಜಿಕ್ಯೂಎ ಅನ್ನೋ ಯೂಸರ್‌ಗೆ ಇಳಿಯುತ್ತೆ. ಆ ಯೂಸರ್ ಸಿಸ್ಟಮಲ್ಲಿ ಇಲ್ಲಾಂದ್ರೆ ಟೆಸ್ಟ್ ಫೇಲ್ ಆಗಲ್ಲ, "ನಾಟ್ ರನ್" ಅಂತ ಪಕ್ಕಕ್ಕೆ ಹೋಗುತ್ತೆ, ನೀವು ಎಲ್ಲಾ ಪಾಸ್ ಅಂದ್ಕೊಂಡಿರ್ತೀರಿ. ಯೂಸರ್‌ಆ್ಯಡ್‌ನಿಂದ ಎಫ್‌ಎಸ್‌ಜಿಕ್ಯೂಎ, ಎಫ್‌ಎಸ್‌ಜಿಕ್ಯೂಎ2 ಎರಡೂ ಮಾಡಿಡಿ. ಆಮೇಲೆ ಚೆಕ್ ಮೈನಸ್ ಜಿ ಎನ್‌ಕ್ರಿಪ್ಟ್ ಅಂದ್ರೆ ಎನ್‌ಕ್ರಿಪ್ಷನ್ ಗ್ರೂಪ್ ಮಾತ್ರ ಓಡುತ್ತೆ.

ಈಗ ಒಂದು ನಿಜವಾದ ಕಾಟ. ಸೂಟನ್ನ ನಿಮ್ಮ ಹೋಮ್ ಫೋಲ್ಡರ್ ಒಳಗೆ ಕ್ಲೋನ್ ಮಾಡಿರ್ತೀರಿ, ಮೌಂಟ್ ಪಾಯಿಂಟೂ ಅಲ್ಲೇ. ಉಬುಂಟು 21.04ರಿಂದ ಹೊಸ ಹೋಮ್ ಡೈರೆಕ್ಟರಿ ಪರ್ಮಿಷನ್ 750, ಅಂದ್ರೆ ಎಫ್‌ಎಸ್‌ಜಿಕ್ಯೂಎ ನಿಮ್ಮ ಹೋಮ್ ದಾಟಿ ಒಳಗೆ ಬರೋಕೇ ಆಗಲ್ಲ. ಕೊನೇ ಫೋಲ್ಡರ್‌ಗೆ ಎಷ್ಟು ಪರ್ಮಿಷನ್ ಕೊಟ್ರೂ ಅಷ್ಟೇ, ದಾರೀಲಿ ಒಂದು ಬಾಗ್ಲು ಮುಚ್ಚಿದೆಯಲ್ಲ. ಇದನ್ನ ಹಿಡಿಯೋಕೆ ನೇಮ್‌ಐ ಮೈನಸ್ ಎಲ್ ಅಂತ ಒಂದು ಕಮಾಂಡ್ ಇದೆ, ಪಾಥ್ ಕೊಟ್ರೆ ಪ್ರತಿ ಡೈರೆಕ್ಟರಿಗೂ ಓನರ್ರೂ ಪರ್ಮಿಷನ್ನೂ ಒಂದೊಂದು ಸಾಲಲ್ಲಿ ತೋರಿಸುತ್ತೆ, ಎಲ್ಲಿ ಕೊನೇ ಎಕ್ಸ್ ಇಲ್ವೋ ಅಲ್ಲೇ ನಿಮ್ಮ ಸಮಸ್ಯೆ. ಇಷ್ಟು ಉಪಯೋಗ ಇರೋ ಕಮಾಂಡ್ ಜನಕ್ಕೆ ಯಾಕೆ ಗೊತ್ತಿಲ್ಲ ಅನ್ನೋದೇ ನನಗೆ ಆಶ್ಚರ್ಯ. ಪರಿಹಾರ ಅಂದ್ರೆ ಹೋಮ್‌ಗೆ 755 ಕೊಡೋದಲ್ಲ, ಸೂಟನ್ನ ಓಪಿಟಿ ಕೆಳಗೆ, ಮೌಂಟ್ ಪಾಯಿಂಟ್‌ಗಳ್ನ ಎಂಎನ್‌ಟಿ ಕೆಳಗೆ ಇಡೋದು.

ರೂಟ್ ಆಗಿ ಓಡಿಸಿದ್ಮೇಲೆ ರಿಸಲ್ಟ್ಸ್ ಫೋಲ್ಡರ್ ಪೂರ್ತಿ ರೂಟ್ ಹೆಸ್ರಲ್ಲಿ ಕೂತಿರುತ್ತೆ, ಆಮೇಲೆ ನೀವು ಯೂಸರ್ ಆಗಿ ಕ್ಲೀನ್ ಮಾಡೋಕೆ ಹೋದ್ರೆ ಡಿನೈಡ್ ಬರುತ್ತೆ. ಅದು ಎನ್‌ಕ್ರಿಪ್ಷನ್ ಎರರ್ ಅಲ್ಲ, ಸಿಎಚ್‌ಓನ್ ಮಾಡಿ ಮುಂದೆ ಹೋಗಿ.

ಸ್ಟೆಪ್ 5: ಡಿಫ್ ಓದೋದು ಕಲೀರಿ

ಟೆಸ್ಟ್ ಫೇಲ್ ಆದಾಗ ಪರದೆ ಮೇಲೆ ಬರೋ ಡಿಫಲ್ಲಿ "ಪರ್ಮಿಷನ್ ಡಿನೈಡ್" ಅಂತ ಕಂಡ ತಕ್ಷಣ ಪರ್ಮಿಷನ್ ಸರಿ ಮಾಡೋಕೆ ಹೊರಡ್ಬೇಡಿ, ಆ ಸಾಲಿನ ಮುಂದೆ ಮೈನಸ್ ಇದೆಯಾ ಪ್ಲಸ್ ಇದೆಯಾ ನೋಡಿ. ಮೈನಸ್ ಅಂದ್ರೆ ಬರ್ಬೇಕಿತ್ತು ಬಂದಿಲ್ಲ, ಪ್ಲಸ್ ಅಂದ್ರೆ ಬರ್ಬಾರ್ದಿತ್ತು ಬಂದಿದೆ. ಜೆನೆರಿಕ್ 395 ಅನ್ನೋ ಟೆಸ್ಟೇ ತಗೊಳಿ, ಅದರಲ್ಲಿ ಬೇರೆ ಯೂಸರ್‌ನ ಡೈರೆಕ್ಟರಿ ಮೇಲೆ ಪಾಲಿಸಿ ಹಾಕೋಕೆ ಬೇಕಂತಲೇ ಪ್ರಯತ್ನ ಮಾಡ್ತಾರೆ, ಅಲ್ಲಿ ಡಿನೈಡ್ ಬಂದ್ರೇನೇ ಪಾಸ್. ಅದೇ ಸಾಲು ಮೈನಸ್ ಜೊತೆ ಕಂಡ್ರೆ ನಿಮ್ಮ ಕರ್ನಲ್ ಯಾರನ್ನೋ ಒಳಗೆ ಬಿಟ್ಟಿದೆ ಅಂತ ಅರ್ಥ, ಅದು ಪರ್ಮಿಷನ್ ಕಮ್ಮಿ ಆಗಿರೋ ಸಮಸ್ಯೆ ಅಲ್ಲ, ಜಾಸ್ತಿ ಆಗಿರೋ ಸಮಸ್ಯೆ, ನೀವು ಪ್ಯಾಚ್ ಬರೀತಿದ್ರೆ ಪ್ಯಾಚನ್ನೇ ನೋಡಿ.

ಪೂರ್ತಿ ಕಥೆ ಬೇಕಂದ್ರೆ ರಿಸಲ್ಟ್ಸ್ ಒಳಗೆ ಟೆಸ್ಟ್ ನಂಬರ್ ಹೆಸ್ರಲ್ಲಿ ಡಾಟ್ ಫುಲ್ ಅನ್ನೋ ಫೈಲ್ ಇರುತ್ತೆ.

ಸ್ಟೆಪ್ 6: ಕೀ ಯಾರು ಸೇರಿಸಿದ್ದು?

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಗೋಜಲು. ಎಫ್‌ಎಸ್‌ಕ್ರಿಪ್ಟಲ್ಲಿ ಎರಡು ಥರ ಪಾಲಿಸಿ ಇದೆ, ಹಳೇ ವಿ1, ಆಮೇಲೆ 2019ರಲ್ಲಿ 5.4 ಕರ್ನಲ್ ಜೊತೆ ಬಂದ ವಿ2.

ವಿ1ನಲ್ಲಿ ಕೀ ಪ್ರೋಸೆಸ್‌ನ ಕೀರಿಂಗಲ್ಲಿ (ಕರ್ನಲ್ ಇಟ್ಕೊಳ್ಳೋ ಕೀ ಗೊಂಚಲಲ್ಲಿ) ಇಡೋ ಪದ್ಧತಿ. ನೀವು ಯೂಸರ್ ಆಗಿ ಕೀ ಸೇರಿಸಿ ಸುಡೋದಲ್ಲಿ ಫೈಲ್ ಓದೋಕೆ ಹೋದ್ರೆ ಅಥವಾ ಉಲ್ಟಾ ಮಾಡಿದ್ರೆ, ಎರಡರ ಕೀರಿಂಗ್ ಬೇರೆ ಬೇರೆ ಆದ್ರಿಂದ ಇ-ನೋಕೀ ಬರುತ್ತೆ, ಒಂದು ಟರ್ಮಿನಲಲ್ಲಿ ಸರಿ ಹೋಗುತ್ತೆ ಇನ್ನೊಂದರಲ್ಲಿ ಇಲ್ಲ. ಎರಡೂ ಕಡೆ ಕೀಸಿಟಿಎಲ್ ಶೋ ಹೊಡೆದು ಹೋಲಿಸಿ ನೋಡಿ.

ವಿ2ನಲ್ಲಿ ಕೀ ಫೈಲ್‌ಸಿಸ್ಟಮ್‌ಗೇ ಸೇರುತ್ತೆ, ಸಾಮಾನ್ಯ ಯೂಸರೂ ಸೇರಿಸಬಹುದು, ಸೇರಿಸಿದ್ಮೇಲೆ ಯಾರು ಓದ್ಬೇಕು ಅನ್ನೋದನ್ನ ಮಾಮೂಲಿ ಫೈಲ್ ಪರ್ಮಿಷನ್ ತೀರ್ಮಾನ ಮಾಡುತ್ತೆ. ಆದ್ರೆ ಇಲ್ಲೊಂದು ಸೂಕ್ಷ್ಮ. ಸುಡೋದಲ್ಲಿ ಕೀ ಸೇರಿಸಿ, ಯೂಸರ್ ಆಗಿ ಅದೇ ಕೀದು ಪಾಲಿಸಿ ಹೊಸ ಡೈರೆಕ್ಟರಿ ಮೇಲೆ ಹಾಕೋಕೆ ಹೋದ್ರೆ "ರಿಕ್ವೈರ್ಡ್ ಕೀ ನಾಟ್ ಅವೈಲಬಲ್" ಬರುತ್ತೆ, ಕೀ ಅಲ್ಲೇ ಇದೆ, ಫೈಲುಗಳು ಓಪನ್ ಆಗ್ತಿವೆ, ಆದ್ರೂ! ಪಾಲಿಸಿ ಹಾಕೋ ಯೂಸರೇ ಆ ಕೀ ಸೇರಿಸಿರ್ಬೇಕು ಅನ್ನೋದು ನಿಯಮ, ಅಂದ್ರೆ ಆ ಕೀ ತನಗೂ ಗೊತ್ತಿದೆ ಅಂತ ಅವನು ತೋರಿಸ್ಬೇಕು. ರೂಟ್‌ಗೆ ಈ ನಿಯಮ ಇಲ್ಲ, ಅದಕ್ಕೇ ಸುಡೋದಲ್ಲಿ ಓಡಿಸಿದ್ರೆ ಈ ತಪ್ಪು ಕಾಣೋದೇ ಇಲ್ಲ. ಎಕ್ಸ್‌ಎಫ್‌ಎಸ್ ಐಓ ಅನ್ನೋ ಟೂಲಿನ ಆ್ಯಡ್ ಎನ್ಕೀ ಕಮಾಂಡನ್ನ ಅದೇ ಯೂಸರ್ ಆಗಿ ಓಡಿಸಿ, ಸರಿ ಹೋಗುತ್ತೆ.

ತೆಗೆಯೋದೂ ಹಾಗೇ. ಯೂಸರ್ ಸೇರಿಸಿದ ಕೀನ ಸುಡೋದಲ್ಲಿ ಮಾಮೂಲಿ ಥರ ತೆಗೆಯೋಕೆ ಹೋದ್ರೆ ಮತ್ತೆ ಇ-ನೋಕೀ, ಯಾಕಂದ್ರೆ ರೂಟ್ ಹೆಸ್ರಲ್ಲಿ ಆ ಕೀ ಸೇರಿಲ್ಲ. ಇಬ್ಬರು ಯೂಸರ್ ಸೇರಿಸಿದ್ರೆ ಇಬ್ಬರೂ ತೆಗೀಬೇಕು, ಇಲ್ಲಾಂದ್ರೆ ಎಲ್ಲಾ ಯೂಸರ್‌ದೂ ಒಟ್ಟಿಗೆ ತೆಗೆಯೋ ಆಯ್ಕೆ ಇದೆ, ಅದಕ್ಕೆ ಮಾತ್ರ ರೂಟ್ ಬೇಕು.

ಕೀ ಸೇರಿಸುವಾಗ "ಡಿಸ್ಕ್ ಕೋಟಾ ಎಕ್ಸೀಡೆಡ್" ಬಂದ್ರೆ ಡಿಸ್ಕ್ ಖಾಲಿ ಮಾಡ್ತಾ ಕೂರ್ಬೇಡಿ, ಅದು ಕೀಗಳ ಕೋಟಾ. ಸಾಮಾನ್ಯ ಯೂಸರ್‌ಗೆ ಡೀಫಾಲ್ಟ್ 200 ಕೀ. ಪ್ರಾಕ್ ಕೆಳಗಿನ ಕೀ ಹೈಫನ್ ಯೂಸರ್ಸ್ ಫೈಲಲ್ಲಿ ಯಾರು ಎಷ್ಟು ಬಳಸಿದ್ದಾರೆ ಕಾಣುತ್ತೆ. ಜೆನೆರಿಕ್ 581 ಬೇಕಂತಲೇ ಈ ಕೋಟಾ ತಾಗಿಸಿ ನೋಡುತ್ತೆ, ಅದರಲ್ಲಿ ಬಂದ್ರೆ ಗಾಬರಿ ಬೇಡ. ಕೋಟಾ ಏರಿಸ್ಬೇಕಂದ್ರೆ ಸಿಸ್‌ಸಿಟಿಎಲ್ ಬಳಸಿ, ಸುಡೋ ಎಕೋ ಮಾಡಿ ಬಾಣದ ಗುರುತಿನಿಂದ ಪ್ರಾಕ್ ಫೈಲ್‌ಗೆ ಬರಿಯೋಕೆ ಹೋದ್ರೆ ಡಿನೈಡ್ ಬರುತ್ತೆ, ಆ ಬಾಣದ ಕೆಲ್ಸ ಮಾಡೋದು ನಿಮ್ಮ ಶೆಲ್ಲು, ಸುಡೋ ಅಲ್ಲ.

ಗೂಗಲ್‌ನೋರ ಎಫ್‌ಎಸ್‌ಕ್ರಿಪ್ಟ್ ಟೂಲ್ ಬಳಸೋರಿಗೆ ಒಂದು ಮಾತು: 2022ರ 0.3.3 ವರ್ಷನ್‌ನಿಂದ ಡೀಫಾಲ್ಟ್ ಆಗಿ ರೂಟ್ ಮಾತ್ರ ಮೆಟಾಡೇಟಾ ಮಾಡೋ ಹಾಗೆ ಸೆಟಪ್ ಆಗುತ್ತೆ. ಯೂಸರ್ ಆಗಿ ಎನ್‌ಕ್ರಿಪ್ಟ್ ಮಾಡ್ಬೇಕಂದ್ರೆ ಸೆಟಪ್ ಮಾಡುವಾಗ ಆಲ್ ಯೂಸರ್ಸ್ ಆಯ್ಕೆ ಕೊಡ್ಬೇಕು. ಹಳೇ ಟ್ಯುಟೋರಿಯಲ್ ನೋಡ್ಕೊಂಡು ಮಾಡೋರು ಇಲ್ಲೇ ಸಿಕ್ಕಿಹಾಕ್ಕೊಳ್ಳೋದು.

ಫ್ಯೂಸ್ ಆದ್ರೆ ಲೆಕ್ಕ ಉಲ್ಟಾ

ಗೋಕ್ರಿಪ್ಟ್‌ಎಫ್‌ಎಸ್ ಥರದ್ದು ಟೆಸ್ಟ್ ಮಾಡ್ತಿದ್ರೆ ಅದು ಫ್ಯೂಸ್ (ಫೈಲ್‌ಸಿಸ್ಟಮ್‌ನ ಕರ್ನಲ್ ಹೊರಗೆ ಮಾಮೂಲಿ ಪ್ರೋಗ್ರಾಮ್ ಆಗಿ ಓಡಿಸೋ ವ್ಯವಸ್ಥೆ) ಮೇಲೆ ಓಡೋದು, ಅಲ್ಲಿ ಯೂಸರ್ ಮೌಂಟ್ ಮಾಡಿದ್ದನ್ನ ರೂಟ್ ಕೂಡ ನೋಡೋಕಾಗಲ್ಲ. ನಿಮಗೆ ಸರಿಯಾಗಿ ಕಾಣೋ ಫೋಲ್ಡರ್ ಸುಡೋ ಎಲ್‌ಎಸ್ ಹೊಡೆದ್ರೆ ಪರ್ಮಿಷನ್ ಇರ್ಬೇಕಾದ ಜಾಗದಲ್ಲಿ ಡಿ ಮುಂದೆ ಬರೀ ಪ್ರಶ್ನಾರ್ಥಕ ಚಿಹ್ನೆ ಸಾಲು ತೋರಿಸುತ್ತೆ, ನೋಡಿದೋರು ಡಿಸ್ಕೇ ಹೋಯ್ತು ಅಂತ ಹೆದರ್ತಾರೆ. ಹೋಗಿಲ್ಲ, ಬೇಕಂತಲೇ ಹಾಗೆ ಮಾಡಿರೋದು. ಬೇರೆ ಯೂಸರ್‌ಗೂ ಬೇಕಂದ್ರೆ ಅಲೋ ಅದರ್ ಆಪ್ಷನ್ ಜೊತೆ ಮೌಂಟ್ ಮಾಡಿ, ಅದಕ್ಕೆ ಮುಂಚೆ ಇಟಿಸಿ ಒಳಗಿನ ಫ್ಯೂಸ್ ಡಾಟ್ ಕಾನ್ಫಲ್ಲಿ ಯೂಸರ್ ಅಲೋ ಅದರ್ ಸಾಲಿನ ಮುಂದಿರೋ ಹ್ಯಾಶ್ ತೆಗೀರಿ.

ಡಾಕರ್ ಒಳಗೆ ಓಡಿಸೋ ಆಸೆ ಇರೋರಿಗೆ

ಬೇಡ. ಡೀಫಾಲ್ಟ್ ಡಾಕರಲ್ಲಿ ಮೌಂಟ್ ಮಾಡೋಕೂ ಬಿಡಲ್ಲ, ಕೀ ಸೇರಿಸೋ ಸಿಸ್ಟಮ್ ಕಾಲ್‌ಗಳನ್ನೂ ಸೆಕ್‌ಕಾಂಪ್ ಫಿಲ್ಟರ್ ತಡೆಯುತ್ತೆ, ಒಳಗೆ ನೀವು ರೂಟ್ ಆಗಿದ್ರೂ ಅಷ್ಟೇ. ಪ್ರಿವಿಲೇಜ್ಡ್ ಕೊಟ್ರೆ ಓಡುತ್ತೆ, ಆದ್ರೆ ಆಗ ನಿಮ್ಮ ಲ್ಯಾಪ್‌ಟಾಪ್‌ನ ಕರ್ನಲ್ ಮೇಲೇನೇ ಟೆಸ್ಟ್ ಓಡ್ತಿದೆ ಅನ್ನೋದು ನೆನಪಿರ್ಲಿ, ಕ್ರ್ಯಾಶ್ ಆದ್ರೆ ಎಲ್ಲಾ ಹೋಗುತ್ತೆ. ರೂಟ್‌ಲೆಸ್ ಪಾಡ್‌ಮ್ಯಾನಲ್ಲಂತೂ ಇಎಕ್ಸ್‌ಟಿ4 ಮೌಂಟೇ ಆಗಲ್ಲ. ಕ್ಯೂಎಂಯುನಲ್ಲಿ ಒಂದು ವರ್ಚುವಲ್ ಮೆಷಿನ್ ಇಟ್ಕೊಳಿ, ಇಮೇಜ್ ಡೌನ್‌ಲೋಡ್ ಮಾತ್ರ ಮಳೆ ಜೋರಾಗೋಕೆ ಮುಂಚೆ, ನೆಟ್ ನೆಟ್ಟಗಿರುವಾಗ ಮುಗಿಸಿಬಿಡಿ.

ಫೆಡೋರಾದಲ್ಲಿ ಎಲ್ಲಾ ಸರಿ ಇದ್ದೂ ಡಿನೈಡ್ ಬಂದ್ರೆ ಎಸ್‌ಇಲಿನಕ್ಸ್ (ಫೈಲ್ ಪರ್ಮಿಷನ್ ಮೇಲೆ ಇನ್ನೊಂದು ಕಾವಲು) ಇರಬಹುದು, ಟೆಸ್ಟ್ ಮೆಷಿನಲ್ಲಿ ಸೆಟ್‌ಎನ್‌ಫೋರ್ಸ್ 0 ಮಾಡಿ ಒಂದ್ಸಲ ಓಡಿಸಿ ನೋಡಿ, ಎರರ್ ಹೋದ್ರೆ ಎಯುಸರ್ಚಲ್ಲಿ ಎವಿಸಿ ಸಾಲು (ಎಸ್‌ಇಲಿನಕ್ಸ್ ತಡೆದಿದ್ದರ ದಾಖಲೆ) ಹುಡುಕಿ.

ಕರೆಂಟ್ ಹೋದ್ಮೇಲೆ

ಜೂನ್‌ನಿಂದ ಆಗಸ್ಟ್ ತನಕ ಮರ ಬಿದ್ದು ಲೈನ್ ಹೋಗೋದು ನಮಗೆ ಹೊಸದಲ್ಲ, ಯುಪಿಎಸ್ ಇದ್ರೂ ಎಷ್ಟು ಹೊತ್ತು ತಡೆಯುತ್ತೆ ಹೇಳಿ. ಟೆಸ್ಟ್ ನಡುವೆ ಮೆಷಿನ್ ಆಫ್ ಆಗಿ ಮತ್ತೆ ಆನ್ ಮಾಡಿದ್ರೆ, ಟೆಸ್ಟ್ ಡೆವ್ ಮೇಲಿನ ಇಎಕ್ಸ್‌ಟಿ4ನಲ್ಲಿ ಎರರ್ ಸಿಕ್ಕಿ ಅದು ತಾನೇ ರೀಡ್ ಓನ್ಲಿಗೆ ಹೋಗಿರಬಹುದು, ಆಗ ಬರೆಯೋ ಪ್ರತಿ ಟೆಸ್ಟೂ ಫೇಲ್. ಇನ್ನೊಂದು, ಕೀಗಳು ಇರೋದು ಮೆಮೊರೀಲಿ ಮಾತ್ರ, ರೀಬೂಟ್ ಆದ್ರೆ ಹೋದ್ವು, ನಿನ್ನೆ ಓಪನ್ ಆಗ್ತಿದ್ದ ಡೈರೆಕ್ಟರಿ ಇವತ್ತು ಇ-ನೋಕೀ ಅನ್ನುತ್ತೆ. ಲೂಪ್ ಡಿವೈಸ್ ಕಟ್ಟಿದ್ದೂ ಹೋಗಿರುತ್ತೆ, ಮತ್ತೆ ಕಟ್ಟುವಾಗ ನಂಬರ್ ಬದಲಾಗಬಹುದು, ನಿನ್ನೆ ಲೂಪ್ 5 ಆಗಿದ್ದು ಇವತ್ತು ಲೂಪ್ 9, ಉಬುಂಟುನಲ್ಲಿ ಸ್ನ್ಯಾಪ್‌ಗಳೂ ಲೂಪ್ ಹಿಡ್ಕೊಂಡಿರೋದ್ರಿಂದ ಇದು ಆಗೋ ಸಾಧ್ಯತೆ ಜಾಸ್ತಿ. ಹಾಗಾಗಿ ಮೊದ್ಲು ಲೋಸೆಟಪ್ ಮೈನಸ್ ಎ ಹೊಡೆದು ನೋಡಿ, ಲೋಕಲ್ ಡಾಟ್ ಕಾನ್ಫಿಗ್ ತಿದ್ದಿ, ಟೆಸ್ಟ್ ಡೆವ್‌ಗೆ ಇ2ಎಫ್‌ಎಸ್‌ಸಿಕೆ ಮೈನಸ್ ಎಫ್ ಓಡಿಸಿ, ಆಮೇಲೆ ಚೆಕ್.

ಇಷ್ಟೆಲ್ಲಾ ಮಾಡಿದ್ರೂ ಹಿಡಿತಕ್ಕೆ ಸಿಗ್ಲಿಲ್ಲ ಅಂದ್ರೆ ಎಸ್‌ಟ್ರೇಸ್ ಹಾಕಿ, ಪ್ರೋಗ್ರಾಮ್ ಕರ್ನಲ್‌ಗೆ ಮಾಡೋ ಪ್ರತಿ ಕಾಲನ್ನೂ ಅದು ತೋರಿಸುತ್ತೆ. ಸುಡೋದಲ್ಲಿ ಎಸ್‌ಟ್ರೇಸ್, ಮೈನಸ್ ಎಫ್, ಮೈನಸ್ ಯು ಮುಂದೆ ಎಫ್‌ಎಸ್‌ಜಿಕ್ಯೂಎ, ಆಮೇಲೆ ಫೇಲ್ ಆಗ್ತಿರೋ ಕಮಾಂಡ್. ಕೆಳಗಿಂದ ಮೇಲಕ್ಕೆ ಓದ್ತಾ ಬನ್ನಿ, ಮೈನಸ್ 1 ಅಂತ ಕಾಣೋ ಸಾಲಲ್ಲಿ ಓಪನ್ ಇ-ಆಕ್ಸೆಸ್ ಅಂತ ಫೇಲ್ ಆಗಿದ್ರೆ ಹೆಚ್ಚಾಗಿ ಪಾಥ್ ಸಮಸ್ಯೆ, ಸ್ಟೆಪ್ 4ಕ್ಕೆ ಹೋಗಿ, ಇ-ನೋಕೀ ಅಂತಾದ್ರೆ ಸ್ಟೆಪ್ 6, ಐಆಕ್ಟಲ್ (ಪಾಲಿಸಿ, ಕೀ ಹಾಕೋಕೆ ಬಳಸೋ ಕಾಲ್) ಫೇಲ್ ಆಗಿದ್ರೆ ಓನರ್ ಅಥವಾ ಕೀ ಸಮಸ್ಯೆ, ಸ್ಟೆಪ್ 3 ಅಥವಾ 6. ಯಾರನ್ನಾದ್ರೂ ಕೇಳುವಾಗ ಸ್ಕ್ರೀನ್ ಫೋಟೋ ತೆಗೆದು ಕಳಿಸ್ಬೇಡಿ, ಆ ಸಾಲನ್ನ ಟೆಕ್ಸ್ಟಲ್ಲಿ ಹಾಕಿ, ಜೊತೆಗೆ ಕರ್ನಲ್ ವರ್ಷನ್, ಮೌಂಟ್ ಕಮಾಂಡಿನ ಆ ಒಂದು ಸಾಲು, ನೇಮ್‌ಐ ಔಟ್‌ಪುಟ್, ವಿ1ಓ ವಿ2ಓ ಅನ್ನೋದು, ಮತ್ತೆ ಯಾವ ಯೂಸರ್ ಆಗಿ ಓಡಿಸಿದ್ರಿ ಅನ್ನೋದು ಇಷ್ಟೂ ಇರ್ಲಿ.